ಹ್ಯಾಂಗ್ ಆತಂದ್ರ ಹ್ಯಾಂಗಾತು?

ಸಂಜೆ ಏಳರ ಹೊತ್ತು. ದಶಾಶ್ವಮೇಧ ಘಾಟಿನ ಗಂಗಾರತಿಯ ಸದ್ದು ಗಲ್ಲಿಗಳ ಮೇಲಿಂದ ಹಾದು ನಮ್ಮ ಕಿಟಕಿಗೆ ಬಂದು ತಾಗುವ ವೇಳೆ. ಬೆಂಗಳೂರಿನಲ್ಲಿರುವ ನನ್ನ ತಂಡಕ್ಕೆ ಸ್ಕ್ರೀನ್ ಶೇರ್ ಮಾಡಿ, ಮೂರು ವಾರ ಕೂತು ಬರೆದದ್ದನ್ನು ತೋರಿಸುತ್ತಿದ್ದೆ. ಮಾತಿನ ನಡುವೆ ಪರದೆ ನಿಂತುಬಿಟ್ಟಿತು. ಒತ್ತಿದ ಬಟನ್ ಒತ್ತಿದ ಹಾಗೇ ಉಳಿಯಿತು. ಮೂವತ್ತು ಸೆಕೆಂಡು ಕಳೆದ ಮೇಲೆ, ಏನೂ ಆಗಿಲ್ಲವೆಂಬಂತೆ ನಾನು ಆವರೆಗೆ ಒತ್ತಿದ್ದೆಲ್ಲ ಒಟ್ಟಿಗೇ ಜಾರಿಗೆ ಬಂದು ಎಂಟು ಕಿಟಕಿ ತೆರೆದುಕೊಂಡವು. ‘ಕಾಶಿಯ ಇಂಟರ್ನೆಟ್ಟಾ?’ ಎಂದು ಮ್ಯಾನೇಜರ್ ನಗುತ್ತ ಕೇಳಿದರು. ಹೌದೆಂದೆ. ಸುಳ್ಳು ಹೇಳಿದೆ ಎಂದು ನನಗೆ ಗೊತ್ತಿತ್ತು. ಅವರ ಧ್ವನಿ ಆ ಮೂವತ್ತು ಸೆಕೆಂಡಿನಲ್ಲೂ ನನಗೆ ಕೇಳುತ್ತಲೇ ಇತ್ತು.

ನಾನಿರುವುದು ವಾರಾಣಸಿಯ ಬಂಗಾಲಿ ಟೋಲಾದಲ್ಲಿ. ಹೆಂಡತಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಾಳೆ, ನಾನು ಮನೆಯಿಂದಲೇ ಬೆಂಗಳೂರಿನ ಕೆಲಸ ಮಾಡುತ್ತೇನೆ. ಹಳೆಯ ಬಂಗಾಲಿ ಕುಟುಂಬವೊಂದರ ಮನೆಯ ಮೊದಲ ಮಹಡಿ ನಮಗೆ ಬಾಡಿಗೆಗೆ ಸಿಕ್ಕಿದೆ. ಇಬ್ಬರು ಕೊಡೆ ಹಿಡಿದು ಎದುರುಬದುರು ಬಂದರೆ ಒಬ್ಬರು ಕೊಡೆ ಮಡಚಬೇಕು, ಗೂಳಿ ಬಂದರೆ ಇಬ್ಬರೂ ಯಾವುದಾದರೂ ಅಂಗಡಿಯ ಮೆಟ್ಟಿಲು ಹತ್ತಬೇಕು, ಅಂಥ ಗಲ್ಲಿ. ಇಲ್ಲಿನ ಬಂಗಾಲಿ ಟೋಲಾ ಇಂಟರ್ ಕಾಲೇಜು 1854ರದ್ದು ಎಂದರೆ ಬಂಗಾಲಿಗಳು ಎಷ್ಟು ಹಿಂದಿನಿಂದ ಇಲ್ಲಿದ್ದಾರೆಂದು ಊಹಿಸಬಹುದು. ನಮ್ಮವರೂ ದೂರವಿಲ್ಲ. ಗೋದೌಲಿಯಾ ಕಡೆ ನಡೆದರೆ ಜಂಗಮವಾಡಿ ಮಠ, ಅಲ್ಲಿ ಯಾವ ದಿನ ಹೋದರೂ ಕನ್ನಡ ಕಿವಿಗೆ ಬೀಳುತ್ತದೆ. ದಕ್ಷಿಣಕ್ಕೆ ಕೇದಾರ ಘಾಟ್, ಹರಿಶ್ಚಂದ್ರ ಘಾಟ್ ದಾಟಿದರೆ ಕರ್ನಾಟಕ ಘಾಟ್ ಎಂಬ ಹೆಸರಿನದೇ ಒಂದು ಘಾಟ್ ಇದೆ. ಬಂದ ಹೊಸತರಲ್ಲಿ ಆ ಬೋರ್ಡಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳದ ಕನ್ನಡಿಗ ಇರಲಿಕ್ಕಿಲ್ಲ.

ಅವತ್ತು ರಾತ್ರಿ ಊರಿಗೆ ಫೋನ್ ಮಾಡಿದಾಗ ಅವ್ವನಿಗೆ ಹೇಳಿದೆ, ‘ಕಂಪ್ಯೂಟರ್ ದಿನಾ ಹ್ಯಾಂಗ್ ಆಗಾಕತ್ತೈತಿ’ ಅಂತ. ನಮ್ಮೂರು ರಾಣೆಬೆನ್ನೂರು ತಾಲ್ಲೂಕು. ನಮ್ಮ ಕಡೆ ‘ಹ್ಯಾಂಗ’ ಎಂದರೆ ‘ಹೇಗೆ’.

‘ಹ್ಯಾಂಗ್ ಆಗೈತಿ?’ ಅಂದಳು ಅವ್ವ.

‘ಹ್ಯಾಂಗ್ ಆಗೈತಿ ಬೇ.’

‘ಅದನ್ನ ಕೇಳಾಕತ್ತೀನೋ, ಹ್ಯಾಂಗಾತು?’

ಇದು ಎರಡು ಮೂರು ಸುತ್ತು ನಡೆಯಿತು. ನಕ್ಕು ಮುಗಿಸಿದ ಮೇಲೆ ಅವಳು ಕೇಳಿದ ಪ್ರಶ್ನೆಗೆ ನನ್ನ ನಗು ನಿಂತಿತು. ‘ಅಜ್ಜಿ ಹಾಡು ಅದರಾಗ ಅದಾವಲ್ಲ, ಅವಕ್ಕೇನೂ ಆಗೂದಿಲ್ಲ ಹೌದಲ್ಲೋ?’

ಅಜ್ಜಿ ಎಂದರೆ ಅವ್ವನ ತಾಯಿ. ಸುರತ್ಕಲ್‌ನಲ್ಲಿ ಎಂ.ಟೆಕ್. ಓದುವಾಗಿನಿಂದ ಶುರುಮಾಡಿ, ರಜೆಗೆ ಊರಿಗೆ ಹೋದಾಗಲೆಲ್ಲ ಅವಳ ಹಾಡುಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡುತ್ತಿದ್ದೆ. ಬೀಸುವ ಪದ, ಸೋಬಾನೆ, ತೊಟ್ಟಿಲ ಹಾಡು. ಅರವತ್ತಕ್ಕೂ ಹೆಚ್ಚು ಫೈಲು. 2018ರಲ್ಲಿ ಅವಳು ಹೋದಳು. ಆ ಫೋನೂ ಆಮೇಲೆ ಹಾಳಾಯಿತು. ಹಾಡುಗಳಿದ್ದದ್ದು ಈ ಡೆಸ್ಕ್‌ಟಾಪಿನ ಒಂದೇ ಹಾರ್ಡ್‌ಡಿಸ್ಕಿನಲ್ಲಿ. ಆಫೀಸಿನಲ್ಲಿ ಇತರರಿಗೆ ಬ್ಯಾಕಪ್ಪಿನ ಬಗ್ಗೆ ಪಾಠ ಹೇಳುವವನು ನಾನು. ‘ಏನೂ ಆಗೂದಿಲ್ಲ ಬೇ’ ಎಂದು ಫೋನ್ ಇಟ್ಟೆ. ಅದು ಆ ದಿನದ ಎರಡನೇ ಸುಳ್ಳು.

ಕಂಪ್ಯೂಟರ್ ಹೀಗೆ ನಿಂತು ಮತ್ತೆ ಹೊರಡುವುದು ಪೂರ್ತಿ ಸತ್ತುಹೋಗುವುದಕ್ಕಿಂತ ಕಷ್ಟದ ಕಾಯಿಲೆ. ಸತ್ತದ್ದನ್ನು ಬಿಚ್ಚಿ ನೋಡಬಹುದು. ಇದು ಡಾಕ್ಟರ ಬಾಗಿಲಿಗೆ ಹೋದ ಕೂಡಲೇ ಮಾಯವಾಗುವ ಹೊಟ್ಟೆನೋವಿನ ಹಾಗೆ. ನೋಡಲು ಕೂತರೆ ಎಲ್ಲ ಸರಿಯಿರುತ್ತದೆ. ನನ್ನದು ಡೆಬಿಯನ್ ಲಿನಕ್ಸ್ ಹಾಕಿದ ಯಂತ್ರ. ಲಿನಕ್ಸ್ ಬಳಸುವವರಿಗೆ ಇರುವ ಒಂದು ಅನುಕೂಲವೆಂದರೆ ಒಳಗಿನದೆಲ್ಲವನ್ನೂ ಇಣುಕಿ ನೋಡಬಹುದು. ಆದರೆ ನಾನು ಇಣುಕಲಿಲ್ಲ. ಓದಿದ್ದೇನೆಂಬ ಧಿಮಾಕು.

ಆಪರೇಟಿಂಗ್ ಸಿಸ್ಟಮ್ ಪಾಠದಲ್ಲಿ ‘ಥ್ರ್ಯಾಶಿಂಗ್’ ಎಂಬುದೊಂದಿದೆ. ಪೀಟರ್ ಡೆನ್ನಿಂಗ್ 1968ರಲ್ಲೇ ವಿವರಿಸಿದ್ದು. ಮೆಮೊರಿ ಸಾಲದಾದಾಗ ಕಂಪ್ಯೂಟರ್ ಒಂದು ಕೆಲಸದ ಪುಟಗಳನ್ನು ಡಿಸ್ಕಿಗೆ ಎತ್ತಿಟ್ಟು ಇನ್ನೊಂದರದ್ದನ್ನು ತರುತ್ತದೆ, ತಂದ ಕೂಡಲೇ ಮೊದಲಿನದು ಬೇಕಾಗುತ್ತದೆ, ಕೊನೆಗೆ ಬರೀ ಎತ್ತಿಡುವುದು ತರುವುದೇ ಕೆಲಸವಾಗುತ್ತದೆ. ಸಣ್ಣ ಅಡುಗೆಕಟ್ಟೆಯ ಮೇಲೆ ಹತ್ತು ಪಾತ್ರೆ ಇಟ್ಟುಕೊಂಡವರಿಗೆ ಇದು ಬೇರೆ ಹೇಳಬೇಕಿಲ್ಲ. ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ನನಗೆ ಪೂರ್ತಿ ಅಂಕ ಬಂದಿತ್ತು. ಹಾಗಾಗಿ ಬ್ರೌಸರಿನಲ್ಲಿ ನಲವತ್ತು ಟ್ಯಾಬ್ ಇರುವುದನ್ನು ನೋಡಿದವನೇ ರೋಗ ನಿರ್ಣಯ ಮಾಡಿಬಿಟ್ಟೆ. ಎಂಟು ಜಿ.ಬಿ. ರ‍್ಯಾಮ್ ತಂದು ಹಾಕಿ ಹದಿನಾರು ಮಾಡಿದೆ. ಮರುದಿನ ಸಂಜೆ ಏಳಕ್ಕೆ ಮತ್ತೆ ನಿಂತಿತು.

ಅಷ್ಟರಲ್ಲಿ ಮನೆಯಲ್ಲಿ ಎಲ್ಲರ ಬಳಿಯೂ ಒಂದೊಂದು ಕಾರಣವಿತ್ತು. ಕೆಳಗಿನ ಮಾಸಿಮಾ ‘ಫಿರ್ ಸೇ ಅಟಕ್ ಗಯಾ, ಬೇಟಾ?’ ಎಂದು ಕೇಳಿ, ಆರತಿಯ ಹೊತ್ತಿಗೆ ದೀಪ-ಮೈಕುಗಳೆಲ್ಲ ಹತ್ತಿಕೊಂಡು ಕರೆಂಟು ಎಳೆಯುತ್ತವೆ, ಅದಕ್ಕೇ ಎಂದರು. ಎದುರುಮನೆಯ ಹುಡುಗ ಕೋತಿಗಳ ಮೇಲೆ ಹಾಕಿದ. ಈ ಆರೋಪವನ್ನು ಕಾಶಿಯಲ್ಲಿ ಹಗುರಾಗಿ ತೆಗೆದುಕೊಳ್ಳುವಂತಿಲ್ಲ. ಘಾಟ್‌ಗಳ ಬಳಿಯ ಇಂಟರ್ನೆಟ್ ಕೇಬಲ್ಲುಗಳನ್ನು ಕೋತಿಗಳು ಕಚ್ಚಿ ಹಾಕುತ್ತವೆಂಬುದು 2015ರಲ್ಲಿ ಪತ್ರಿಕೆಗಳಲ್ಲೇ ಬಂದಿತ್ತು. ಹೆಂಡತಿ ಸೆಖೆ ಎಂದಳು. ಜೂನ್ ತಿಂಗಳು, ಹೊರಗೆ ನಲವತ್ತನಾಲ್ಕು ಡಿಗ್ರಿ, ಅವಳ ಮಾತಿನಲ್ಲಿ ಅರ್ಥವಿತ್ತು. ಆದರೆ ಬಿಸಿಯಾದ ಪ್ರೊಸೆಸರ್ ತನ್ನ ವೇಗ ತಗ್ಗಿಸಿಕೊಂಡು ತೆವಳುತ್ತದೆ, ಇಲ್ಲವೇ ಯಂತ್ರವೇ ಆಫ್ ಆಗುತ್ತದೆ. ಪ್ರತಿಸಲ ಅರ್ಧ ನಿಮಿಷ ನಿಂತು ಏನೂ ಆಗದಂತೆ ಎದ್ದು ಹೋಗುವುದು ಸೆಖೆಯ ಲಕ್ಷಣವಲ್ಲ.

ಈ ಕೊನೆಯ ವಾಕ್ಯ ಬಾಯಿಂದ ಬಂದಾಗಲೇ ನನಗೆ ಹೊಳೆದದ್ದು, ಲಕ್ಷಣಗಳನ್ನು ನಾನು ಒಮ್ಮೆಯೂ ಬರೆದಿಟ್ಟುಕೊಂಡಿಲ್ಲವೆಂದು. ಹಾಲಿನ ಲೆಕ್ಕದ ನೋಟ್‌ಬುಕ್ಕಿನ ಹಿಂದಿನ ಪುಟ ತೆಗೆದು ಕೀಬೋರ್ಡ್ ಪಕ್ಕ ಇಟ್ಟೆ. ನಿಂತಾಗ ಯಾವುದು ನಿಂತಿತು ಎನ್ನುವುದಕ್ಕಿಂತ ಯಾವುದು ನಿಲ್ಲಲಿಲ್ಲ ಎಂಬುದನ್ನು ನೋಡಬೇಕು. ಮೂರು ದಿನದಲ್ಲಿ ಪುಟ ತುಂಬಿತು. ಮೌಸಿನ ಬಾಣ ಓಡಾಡುತ್ತದೆ, ಅಂದರೆ ಗ್ರಾಫಿಕ್ಸ್ ಜೀವಂತ. ಮೀಟಿಂಗಿನ ಧ್ವನಿ ಕೇಳುತ್ತದೆ, ಅಂದರೆ ನೆಟ್‌ವರ್ಕೂ ಪ್ರೊಸೆಸರೂ ಜೀವಂತ. ಫೋನಿನಿಂದ ಪಿಂಗ್ ಮಾಡಿದರೆ ತಟ್ಟನೆ ಉತ್ತರ ಬರುತ್ತದೆ, ಅಂದರೆ ಕರ್ನಲ್ ಎಚ್ಚರವಿದೆ. ಹೊಸ ಟರ್ಮಿನಲ್ ತೆರೆಯುವುದಿಲ್ಲ. ಆದರೆ ಮೊದಲೇ ತೆರೆದಿಟ್ಟ ಟರ್ಮಿನಲ್ಲಿನಲ್ಲಿ ‘ಟಾಪ್’ ಓಡುತ್ತಲೇ ಇದೆ, ಅಂಕಿಗಳು ಬದಲಾಗುತ್ತಲೇ ಇವೆ!

ಆ ಅಂಕಿಗಳಲ್ಲೊಂದು ವಿಚಿತ್ರವಿತ್ತು. ಪ್ರೊಸೆಸರ್ ಹೆಚ್ಚುಕಡಿಮೆ ಖಾಲಿ ಕೂತಿದೆ, ಲೋಡ್ ಆವರೇಜ್ ಮಾತ್ರ ಹದಿನಾಲ್ಕಕ್ಕೆ ಏರಿದೆ. ಕೆಲಸವೇ ಇಲ್ಲದೆ ಹೊರೆ ಎಲ್ಲಿಂದ ಬಂತು? ಇದಕ್ಕೆ ಉತ್ತರ ಲಿನಕ್ಸಿನ ಒಂದು ಅಭ್ಯಾಸದಲ್ಲಿದೆ. ಓಡುತ್ತಿರುವ ಪ್ರೋಗ್ರಾಮುಗಳ ಜೊತೆಗೆ, ಡಿಸ್ಕಿನಿಂದ ಏನಾದರೂ ಬರಲಿ ಎಂದು ಕಾಯುತ್ತ ಕೂತವನ್ನೂ ಅದು ಲೋಡಿನಲ್ಲಿ ಎಣಿಸುತ್ತದೆ. ಹೀಗೆ ಕಾಯುವ ಪ್ರೋಗ್ರಾಮಿನ ಹೆಸರಿನ ಮುಂದೆ ‘ಡಿ’ ಅಕ್ಷರ ಕಾಣಿಸುತ್ತದೆ. ಎಬ್ಬಿಸಲಾಗದ ನಿದ್ದೆ ಅದು. ಕಿಲ್ ಮೈನಸ್ ಒಂಬತ್ತು ಎಂಬ ಬ್ರಹ್ಮಾಸ್ತ್ರಕ್ಕೂ ಸಾಮಾನ್ಯವಾಗಿ ಬಗ್ಗುವುದಿಲ್ಲ, ಕೇಳಿದ ಡೇಟಾ ಬರಬೇಕು ಅಥವಾ ಬರುವುದಿಲ್ಲವೆಂದು ಉತ್ತರವಾದರೂ ಬರಬೇಕು, ಅಲ್ಲಿಯತನಕ ಕೂತಿರುತ್ತದೆ. ಮಣಿಕರ್ಣಿಕೆಯ ಗಲ್ಲಿಯಲ್ಲಿ ಸೌದೆಯ ಗಾಡಿ ಸಿಕ್ಕಿಹಾಕಿಕೊಂಡರೆ ಹಿಂದಿನವರಿಗೆ ಬಂದ ದಾರಿಯಲ್ಲಿ ಹಿಂದಕ್ಕೆ ಹೋಗಲೂ ಆಗದಲ್ಲ, ಹಾಗೆ. ನನ್ನ ಟಾಪ್‌ನಲ್ಲಿ ಬ್ರೌಸರ್, ಡೆಸ್ಕ್‌ಟಾಪಿನ ಪ್ಯಾನೆಲ್, ಫೈಲ್ ಮ್ಯಾನೇಜರ್ ಎಲ್ಲವೂ ಡಿ.

ಗಟ್ಟಿಮಾಡಿಕೊಳ್ಳಲು ಇನ್ನೊಂದು ಪರೀಕ್ಷೆ ಮಾಡಿದೆ. 2018ರ ಡಿಸೆಂಬರಿನಲ್ಲಿ ಬಂದ ಲಿನಕ್ಸ್ 4.20ರಿಂದ ಕರ್ನಲ್ಲಿನಲ್ಲಿ ‘ಪ್ರೆಷರ್ ಸ್ಟಾಲ್’ ಎಂಬ ಮಾಪಕವಿದೆ. ಫೇಸ್‌ಬುಕ್‌ನಲ್ಲಿದ್ದ ಯೋಹಾನೆಸ್ ವೈನರ್ ಬರೆದದ್ದು. ಪ್ರೋಗ್ರಾಮುಗಳು ಯಾವುದಕ್ಕಾಗಿ ಎಷ್ಟು ಹೊತ್ತು ಕಾದವು ಎಂದು ಸಿ.ಪಿ.ಯು., ಮೆಮೊರಿ, ಡಿಸ್ಕ್ ಹೀಗೆ ಬೇರೆ ಬೇರೆಯಾಗಿ ಶೇಕಡಾವಾರು ಹೇಳುತ್ತದೆ. ಪ್ರೊಕ್ ಅಡಿಯ ಪ್ರೆಷರ್ ಫೋಲ್ಡರಿನಲ್ಲಿ ಮೂರು ಫೈಲು, ಓದಿದರಾಯಿತು. ಎರಡು ಸೆಕೆಂಡಿಗೊಮ್ಮೆ ಓದಿ ಬರೆದಿಡುವ ನಾಲ್ಕು ಸಾಲಿನ ಸ್ಕ್ರಿಪ್ಟ್ ಹಾಕಿ ಏಳು ಗಂಟೆಗೆ ಕಾದೆ. ನಿಂತಿತು. ಮೆಮೊರಿಯ ಸಾಲು ಸೊನ್ನೆ, ಸೊನ್ನೆ, ಸೊನ್ನೆ. ಡಿಸ್ಕಿನದು ಎಪ್ಪತ್ತು ದಾಟಿತ್ತು. ರ‍್ಯಾಮಿಗೆ ಕೊಟ್ಟ ದುಡ್ಡು ದಂಡ ಎಂದು ಅಧಿಕೃತವಾಗಿ ತಿಳಿದದ್ದು ಆಗ. (ನೀವು ಈ ಸ್ಕ್ರಿಪ್ಟ್ ಹಾಕುವುದಾದರೆ ಅದರ ಲಾಗನ್ನು ರ‍್ಯಾಮಿನಲ್ಲಿರುವ ಫೋಲ್ಡರಿಗೆ ಬರೆಸಿ. ಕೆಟ್ಟ ಡಿಸ್ಕಿಗೇ ಬರೆಸಿದರೆ ಸ್ಕ್ರಿಪ್ಟೂ ಅದರ ಜೊತೆ ನಿಂತು ಕಾಯುತ್ತದೆ.)

ಡಿಸ್ಕ್ ಸರಿ, ಯಾವ ಡಿಸ್ಕ್? ನನ್ನ ಬಳಿ ಎರಡಿವೆ. ಲಿನಕ್ಸ್ ಇರುವುದು ಸಣ್ಣ ಎಸ್.ಎಸ್.ಡಿ.ಯಲ್ಲಿ, ನನ್ನ ಹೋಮ್ ಫೋಲ್ಡರ್ ಇರುವುದು ಎರಡು ಟಿ.ಬಿ.ಯ ಹಳೆಯ ತಿರುಗುವ ಹಾರ್ಡ್‌ಡಿಸ್ಕಿನಲ್ಲಿ. ಮುಂದಿನ ಸಲ ನಿಂತಾಗ ಕಂಟ್ರೋಲ್-ಆಲ್ಟ್-ಎಫ್3 ಒತ್ತಿ ಕಪ್ಪು ಪರದೆಗೆ ಹೋಗಿ ರೂಟ್ ಹೆಸರಿನಲ್ಲಿ ಲಾಗಿನ್ ಆದೆ. ತಕ್ಷಣ ಒಳಗೆ ಬಿಟ್ಟಿತು. ಪಕ್ಕದ ಎಫ್4ಕ್ಕೆ ಹೋಗಿ ನನ್ನ ಹೆಸರಿನಲ್ಲಿ ಲಾಗಿನ್ ಆದೆ. ಪಾಸ್‌ವರ್ಡ್ ಕೊಟ್ಟ ಮೇಲೆ ಕರ್ಸರ್ ಮಿನುಗುತ್ತ ನಿಂತಿತು. ರೂಟ್‌ನ ಮನೆ ಎಸ್.ಎಸ್.ಡಿ.ಯಲ್ಲಿದೆ, ನನ್ನ ಮನೆ ಹಳೆಯ ಡಿಸ್ಕಿನಲ್ಲಿ. ಅಜ್ಜಿಯ ಹಾಡಿರುವ ಡಿಸ್ಕಿನಲ್ಲಿ. ಕುತೂಹಲದಿಂದ ನಡೆಸಿದ್ದ ತನಿಖೆ ಅಲ್ಲಿಂದ ಮುಂದೆ ಬೇರೆಯೇ ಆಯಿತು.

ಕರ್ನಲ್ ತನ್ನ ದಿನಚರಿಯನ್ನು ಬಚ್ಚಿಡುವುದಿಲ್ಲ. ಮೊದಲ ದಿನವೇ ಓದಬೇಕಿದ್ದ ಅದನ್ನು ಎರಡನೇ ವಾರ ಓದಿದೆ. ಪ್ರತಿದಿನ ಸಂಜೆ ಏಳರ ಆಸುಪಾಸಿಗೆ ಕೆಂಪು ಸಾಲುಗಳ ರಾಶಿ. ಡಿಸ್ಕಿಗೆ ಹೇಳಿದ ಕೆಲಸಕ್ಕೆ ಉತ್ತರ ಬರಲಿಲ್ಲ, ಕೊಂಡಿಯನ್ನು ರೀಸೆಟ್ ಮಾಡುತ್ತಿದ್ದೇನೆ, ಕೊಂಡಿ ಮತ್ತೆ ಬಂತು, ವೇಗವನ್ನು ಆರು ಗಿಗಾಬಿಟ್‌ನಿಂದ ಮೂರಕ್ಕೆ ಇಳಿಸುತ್ತಿದ್ದೇನೆ. ಆ ಸಾಲುಗಳಲ್ಲಿ ಡಿಸ್ಕಿನ ಪೋರ್ಟಿನ ಸ್ಥಿತಿಗೆ ಕರ್ನಲ್ ಬಳಸುವ ಪದವೂ ‘ಫ್ರೋಜನ್’ ಎಂದೇ. ಮೂವತ್ತು ಸೆಕೆಂಡು ಯಾಕೆ ಎಂಬುದೂ ಇಲ್ಲೇ ಬಗೆಹರಿಯಿತು. ಡಿಸ್ಕಿಗೆ ಒಂದು ಆಜ್ಞೆ ಕೊಟ್ಟರೆ ಲಿನಕ್ಸ್ ಉತ್ತರಕ್ಕಾಗಿ ಕಾಯುವ ಗಡುವು ಸಾಮಾನ್ಯವಾಗಿ ಸರಿಯಾಗಿ 30 ಸೆಕೆಂಡು. ನಾನು ನೋಡುತ್ತಿದ್ದದ್ದು ಆ ಗಡುವನ್ನೇ.

ಇನ್ನುಳಿದದ್ದು ಡಿಸ್ಕನ್ನೇ ಕೇಳುವುದು. ಹಾರ್ಡ್‌ಡಿಸ್ಕುಗಳು ‘ಸ್ಮಾರ್ಟ್’ ಎಂಬ ಹೆಸರಿನಲ್ಲಿ ತಮ್ಮ ಆರೋಗ್ಯದ ಲೆಕ್ಕವನ್ನು ತಾವೇ ಇಡುತ್ತವೆ. ಸ್ಮಾರ್ಟ್‌ಸಿಟಿಎಲ್ ಎಂಬ ಕಮಾಂಡ್ ಕೊಟ್ಟರೆ ಮೊದಲಿಗೆ ‘ಪಾಸ್’ ಎಂದು ದೊಡ್ಡದಾಗಿ ಬಂತು. ಅದನ್ನು ನಂಬಬೇಡಿ. ತೀರಾ ಕೊನೆಯ ಗಳಿಗೆಯವರೆಗೂ ಪಾಸ್ ಎನ್ನುತ್ತಲೇ ಇರುವ ಡಿಸ್ಕುಗಳಿವೆ. ಕೆಳಗಿನ ಪಟ್ಟಿ ನೋಡಬೇಕು. ಅದರಲ್ಲಿ 199ನೇ ಸಾಲು ಕೇಬಲ್ಲಿನಲ್ಲಿ ಹಾದುಬರುವಾಗ ಕೆಟ್ಟ ಡೇಟಾದ ಲೆಕ್ಕ. ನನ್ನದರಲ್ಲಿ ಸಾವಿರ ದಾಟಿತ್ತು. ಕರ್ನಲ್ಲಿನ ಸಾಲುಗಳಲ್ಲೂ ‘ಐಸಿಆರ್‌ಸಿ’ ಎಂಬ ಗುರುತಿತ್ತು, ಅದರ ಅರ್ಥವೂ ಅದೇ, ದಾರಿಯಲ್ಲಿ ಕೆಟ್ಟಿದೆ. ಡಿಸ್ಕಲ್ಲ, ಡಿಸ್ಕನ್ನೂ ಮದರ್‌ಬೋರ್ಡನ್ನೂ ಜೋಡಿಸುವ ಸಾಟಾ ಕೇಬಲ್! ಡಬ್ಬಿ ಬಿಚ್ಚಿದರೆ ಅದರ ತುದಿ ತುಸು ಓರೆಯಾಗಿ ಕೂತಿತ್ತು. ಈ ಯಂತ್ರ ಬೆಂಗಳೂರಿನಿಂದ ಎರಡು ದಿನ ರೈಲಿನಲ್ಲಿ ಬಟ್ಟೆಮೂಟೆಗಳ ನಡುವೆ ಬಂದದ್ದು ನೆನಪಾಯಿತು.

ಹಾಗಾದರೆ ಏಳು ಗಂಟೆಯೇ ಯಾಕೆ? ಆರತಿಗೂ ಇದಕ್ಕೂ ಸಂಬಂಧವಿತ್ತು, ಮಾಸಿಮಾ ಹೇಳಿದ ರೀತಿಯಲ್ಲಲ್ಲ. ಹೆಂಡತಿ ಘಾಟಿನ ದಾರಿಯಲ್ಲಿ ಬಿ.ಎಚ್.ಯು.ದಿಂದ ಮನೆಗೆ ಬರುವುದು ಆ ಹೊತ್ತಿಗೆ. ಬಂದ ಕೂಡಲೇ ಅವಳ ಫೋನು ಮನೆಯ ವೈಫೈ ಹಿಡಿದು ದಿನವಿಡೀ ತೆಗೆದ ಹಸ್ತಪ್ರತಿಗಳ ಫೋಟೊಗಳನ್ನು ನನ್ನ ಡಿಸ್ಕಿಗೆ ತಳ್ಳುತ್ತದೆ. ಆ ವ್ಯವಸ್ಥೆ ಮಾಡಿಕೊಟ್ಟವನು ನಾನೇ. ದಿನದಲ್ಲಿ ಅತಿ ಹೆಚ್ಚು ಡೇಟಾ ಆ ಕೇಬಲ್ಲಿನಲ್ಲಿ ಓಡುವುದು ಆಗಲೇ, ಸಡಿಲ ಕೇಬಲ್ ಎಡವುವುದೂ ಆಗಲೇ.

ಸಿಗ್ರಾದ ಕಡೆಯ ಅಂಗಡಿಯೊಂದಕ್ಕೆ ಹೋಗಿ ಹೊಸ ಕೇಬಲ್ ತಂದೆ. ಹೋಗಿಬರುವ ಇ-ರಿಕ್ಷಾದ ಬಾಡಿಗೆ ಹೆಚ್ಚುಕಡಿಮೆ ಅದರ ಬೆಲೆಯಷ್ಟೇ ಆಯಿತು. ಹಾಕಿ, 199ರ ಅಂಕಿ ಬರೆದಿಟ್ಟುಕೊಂಡೆ. ಅದು ಎಂದೂ ಇಳಿಯುವುದಿಲ್ಲ, ಏರದಿದ್ದರೆ ಗುಣವಾಯಿತೆಂದು ಅರ್ಥ. ಏರಲಿಲ್ಲ. ಏಳು ಗಂಟೆಯ ಮೀಟಿಂಗುಗಳು ಸಲೀಸಾಗಿ ನಡೆದವು. ಅವ್ವನಿಗೆ ಫೋನ್ ಮಾಡಿ ಜಂಬದಿಂದ ಹೇಳಿದೆ, ವಯರ್ ಸಡಲಾಗಿತ್ತು ಬೇ, ಅಷ್ಟ.

ಇಲ್ಲಿಗೇ ಮುಗಿದಿದ್ದರೆ ಈ ಬರಹ ಬರೆಯುತ್ತಿರಲಿಲ್ಲ. ಅವತ್ತು ಸ್ಮಾರ್ಟ್ ಪಟ್ಟಿಯಲ್ಲಿ 197ನೇ ಸಾಲಿನಲ್ಲಿ 8 ಎಂದಿತ್ತು. ನೋಡಿದ್ದೆ. 199 ಸಿಕ್ಕ ಖುಷಿಯಲ್ಲಿ ಅದರ ಮೇಲೆ ಕಣ್ಣಾಡಿಸಿ ಮುಂದೆ ಹೋಗಿದ್ದೆ. ಒಂದು ಕಾರಣ ಸಿಕ್ಕ ಕೂಡಲೇ ಹುಡುಕುವುದನ್ನು ನಿಲ್ಲಿಸಿದೆ.

ಹತ್ತು ದಿನದ ಮೇಲೆ, ಅಜ್ಜಿಯ ವರ್ಷದ ಪೂಜೆಯ ದಿನ ಕೇಳೋಣವೆಂದು ಅವಳ ಫೋಲ್ಡರ್ ತೆರೆದೆ. ಪರದೆ ನಿಂತಿತು. ಈ ಸಲ ಒಂದೂವರೆ ನಿಮಿಷ. ಡಿಸ್ಕಿನೊಳಗಿಂದ ಸಣ್ಣಗೆ ಟಕ್, ಟಕ್ ಎಂಬ ಸದ್ದು. ಕರ್ನಲ್ಲಿನ ಸಾಲುಗಳಲ್ಲಿ ಈಗ ಐಸಿಆರ್‌ಸಿ ಇರಲಿಲ್ಲ, ‘ಯುಎನ್‌ಸಿ’ ಎಂದಿತ್ತು. ದಾರಿಯಲ್ಲಿ ಕೆಟ್ಟದ್ದಲ್ಲ, ಬರೆದ ಜಾಗದಿಂದಲೇ ಓದಲಾಗುತ್ತಿಲ್ಲ. 197ನೇ ಸಾಲು ಹಾಗೆ ಓದಲಾಗದೆ ಬಾಕಿ ಉಳಿದ ಸೆಕ್ಟರುಗಳ ಲೆಕ್ಕ. 8 ಇದ್ದದ್ದು 24 ಆಗಿತ್ತು. ಡೆಸ್ಕ್‌ಟಾಪಿಗೆಂದು ಮಾಡಿದ ಡಿಸ್ಕುಗಳಿಗೆ ಒಂದು ಹಟವಿರುತ್ತದೆ. ಓದಲಾಗದ ಜಾಗವನ್ನು ಬಿಟ್ಟುಕೊಡದೆ ಮತ್ತೆ ಮತ್ತೆ ಪ್ರಯತ್ನಿಸುತ್ತವೆ, ಅಷ್ಟು ಹೊತ್ತೂ ಬೇರೆ ಯಾರಿಗೂ ಉತ್ತರ ಕೊಡುವುದಿಲ್ಲ. ಎರಡು ಕಾಯಿಲೆ ಒಂದೇ ಲಕ್ಷಣ ತೋರಿಸುತ್ತಿದ್ದವು. ನಾನು ಸುಲಭದ್ದನ್ನು ವಾಸಿಮಾಡಿ ಕೂತಿದ್ದೆ.

ಮೊದಲು ಮಾಡಿದ್ದು ಯಂತ್ರ ಆಫ್ ಮಾಡಿದ್ದು. ಇಂಥ ಹೊತ್ತಿನಲ್ಲಿ ಕೈ ಸುಮ್ಮನಿರುವುದಿಲ್ಲ. ಡಿಸ್ಕ್ ರಿಪೇರಿ ಮಾಡುವ ಕಮಾಂಡ್ ಕೊಡಲೇ, ಪೂರ್ತಿ ಪರೀಕ್ಷೆ ಓಡಿಸಲೇ ಎನಿಸುತ್ತದೆ. ಎರಡೂ ಬೇಡ. ಸಾಯುತ್ತಿರುವ ಡಿಸ್ಕಿಗೆ ಪ್ರತಿ ಓದೂ ಒಂದು ಏಟು, ಆ ಏಟುಗಳನ್ನು ಪರೀಕ್ಷೆಗೆ ಖರ್ಚುಮಾಡದೆ ನಕಲಿಗೆ ಉಳಿಸಿಕೊಳ್ಳಬೇಕು. ಮರುದಿನ ಹೊಸ ಡಿಸ್ಕ್ ತಂದು, ರೂಟ್ ಆಗಿ ಮಾತ್ರ ಲಾಗಿನ್ ಆಗಿ, ಹಳೆಯದನ್ನು ಮೌಂಟ್ ಮಾಡದೆಯೇ ಗ್ನೂ ಡಿಡಿ-ರೆಸ್ಕ್ಯೂ ಶುರುಮಾಡಿದೆ. ಇದರ ಜಾಣತನ ನನಗೆ ಬಹಳ ಇಷ್ಟ. ಸಾಮಾನ್ಯ ಕಾಪಿಯ ಹಾಗೆ ಕೆಟ್ಟ ಜಾಗದಲ್ಲಿ ತಲೆ ಚಚ್ಚಿಕೊಂಡು ನಿಲ್ಲುವುದಿಲ್ಲ. ಸುಲಭವಾಗಿ ಸಿಗುವುದನ್ನೆಲ್ಲ ಮೊದಲು ಬಾಚಿಕೊಂಡು, ಕಷ್ಟದ ಜಾಗಗಳನ್ನು ನಕ್ಷೆಯಲ್ಲಿ ಗುರುತು ಹಾಕಿ ಕೊನೆಗೆ ಅಲ್ಲಿಗೆ ವಾಪಸ್ ಬರುತ್ತದೆ. ನಡುವೆ ಕರೆಂಟು ಹೋದರೂ ನಕ್ಷೆ ನೋಡಿ ನಿಂತಲ್ಲಿಂದಲೇ ಮುಂದುವರಿಸಬಹುದು.

ರಾತ್ರಿ ಹತ್ತಕ್ಕೆ ಶುರುವಾಯಿತು. ಹನ್ನೊಂದಕ್ಕೆ ಗಲ್ಲಿಯ ಕರೆಂಟು ಹೋಯಿತು. ಕೆಳಗಿನ ಇನ್ವರ್ಟರಿನಿಂದ ನಮ್ಮ ಮಹಡಿಗೆ ಬರುವುದು ಫ್ಯಾನು, ಲೈಟು, ನನ್ನ ಕಂಪ್ಯೂಟರಿನ ಒಂದು ಪ್ಲಗ್ಗು. ಮಾಸಿಮಾ ತಮ್ಮ ಕೋಣೆಯ ಫ್ಯಾನ್ ಆರಿಸಿ ಮೆಟ್ಟಿಲ ಮೇಲೆ ಬೀಸಣಿಗೆ ಹಿಡಿದು ಕೂತರು, ಬ್ಯಾಟರಿ ಬೆಳಗಿನತನಕ ಬರಲಿ ಎಂದು. ಅವರಿಗೆ ಎಪ್ಪತ್ತರ ಮೇಲೆ ವಯಸ್ಸು. ಬೇಡವೆಂದರೆ, ನಿನ್ನ ನಾನಿಯ ಗಾನವಲ್ಲವೇ ಎಂದರು. ಹಾಡಿನ ಮಾತು ಬರುವತನಕ ಅವರಿಗೆ ಇದು ಆಫೀಸಿನ ಕೆಲಸವೆಂದೇ ಲೆಕ್ಕವಿತ್ತು. ಹನ್ನೆರಡೂವರೆಗೆ ಕರೆಂಟು ಬಂತು.

ಬೆಳಗ್ಗೆ ಐದೂವರೆಗೆ ನೋಡಿದಾಗ 2,000,398,934,016 ಬೈಟುಗಳಲ್ಲಿ ಬಾಕಿ ಉಳಿದದ್ದು 12,288. ಮೂರು ಸೆಕ್ಟರು. ಕೊನೆಯ ಸುತ್ತಿನ ಮರುಪ್ರಯತ್ನಗಳಲ್ಲಿ ಅವುಗಳಲ್ಲಿ ಒಂದು ಬಂತು. ಎರಡು ಬರಲೇ ಇಲ್ಲ. 8,192 ಬೈಟು, ಈ ಪುಟದ ಅಕ್ಷರಗಳಿಗಿಂತ ಕಡಿಮೆ. ಹೊಸ ಡಿಸ್ಕಿನ ನಕಲಿನ ಮೇಲೆ ಫೈಲ್‌ಸಿಸ್ಟಮ್ ಸರಿಮಾಡಿ, ಆ ಎರಡು ಜಾಗ ಯಾವ ಫೈಲಿನವು ಎಂದು ಡೀಬಗ್-ಎಫ್‌ಎಸ್‌ನಿಂದ ಹುಡುಕಿದೆ. ಎರಡು ಟಿ.ಬಿ.ಯ ಡಿಸ್ಕಿನಲ್ಲಿ ಸಿನಿಮಾಗಳಿದ್ದವು, ಹಳೆಯ ಇನ್‌ಸ್ಟಾಲರ್‌ಗಳಿದ್ದವು, ಎಂ.ಟೆಕ್.ನ ಪ್ರಾಜೆಕ್ಟ್ ವರದಿಯ ಹದಿನೇಳು ಆವೃತ್ತಿಗಳಿದ್ದವು. ಹೋದ ಎರಡೂ ಅಜ್ಜಿಯ ಫೋಲ್ಡರಿನವು.

ಒಂದು ಫೈಲು ಇಪ್ಪತ್ತೆರಡು ನಿಮಿಷದ ಬೀಸುವ ಪದ. ಅದು ತೆರೆಯಲೇ ಇಲ್ಲ. ಫೋನಿನ ರೆಕಾರ್ಡಿಂಗಿನಲ್ಲಿ ಧ್ವನಿ ಮೊದಲಿರುತ್ತದೆ, ಯಾವ ತುಣುಕು ಎಲ್ಲಿದೆ ಎಂಬ ಸೂಚಿ ಸಾಮಾನ್ಯವಾಗಿ ಕೊನೆಗಿರುತ್ತದೆ. ಹೋದದ್ದು ಸೂಚಿಯ ಮೊದಲ ತುಂಡು. ಧ್ವನಿಯೆಲ್ಲ ಹಾಗೇ ಇದೆ, ಪ್ಲೇಯರಿಗೆ ಅದು ಎಲ್ಲಿ ಶುರುವಾಗುತ್ತದೆಂದೇ ಗೊತ್ತಿಲ್ಲ. ಇಂಥದಕ್ಕೆ ‘ಅನ್‌ಟ್ರಂಕ್’ ಎಂಬ ಉಪಕರಣವಿದೆ. ಅದೇ ಫೋನಿನಲ್ಲಿ ಮಾಡಿದ ಚೆನ್ನಾಗಿರುವ ಇನ್ನೊಂದು ರೆಕಾರ್ಡಿಂಗ್ ಕೊಟ್ಟರೆ ಅದರ ಮಾದರಿ ನೋಡಿ ಸೂಚಿಯನ್ನು ಹೊಸದಾಗಿ ಕಟ್ಟುತ್ತದೆ. ಒಂದು ತೊಟ್ಟಿಲ ಹಾಡನ್ನು ಮಾದರಿಯಾಗಿ ಕೊಟ್ಟೆ. ಎರಡನೇ ಪ್ರಯತ್ನಕ್ಕೆ ಬೀಸುಕಲ್ಲಿನ ಗರಗರ ಸದ್ದು ಬಂತು, ಅದರ ಹಿಂದೆ ಅವಳ ಕೆಮ್ಮು, ಆಮೇಲೆ ಹಾಡು. ಮಾಸಿಮಾ ಒಂದಕ್ಷರ ಅರ್ಥವಾಗದೆ ಇಪ್ಪತ್ತೆರಡು ನಿಮಿಷವೂ ಕೂತು ಕೇಳಿದರು.

ಈ ಕಥೆ ಕೇಳಿದ ಗೆಳೆಯರು ತಮ್ಮ ಯಂತ್ರ ನಿಂತರೂ ಡಿಸ್ಕೇ ಇರಬೇಕೆಂದು ಗಾಬರಿಯಾಗಿ ಫೋನ್ ಮಾಡಿದ್ದಾರೆ. ಹಾಗೇನಿಲ್ಲ. ಹೈದರಾಬಾದಿನ ಒಬ್ಬನಿಗೆ ಪೆನ್‌ಡ್ರೈವಿಗೆ ದೊಡ್ಡ ಫೈಲು ಕಾಪಿ ಮಾಡುವಾಗ ಮಾತ್ರ ನಿಲ್ಲುತ್ತಿತ್ತು. ಬರೆಯಬೇಕಾದದ್ದನ್ನು ಲಿನಕ್ಸ್ ಮೊದಲು ಮೆಮೊರಿಯಲ್ಲಿ ಗುಡ್ಡೆಹಾಕಿಕೊಳ್ಳುತ್ತದೆ, ಸಾಮಾನ್ಯವಾಗಿ ಬಳಕೆಗಿರುವ ಮೆಮೊರಿಯ ಶೇ 20ರವರೆಗೆ. ನಿಧಾನದ ಪೆನ್‌ಡ್ರೈವ್ ಅದನ್ನು ಕರಗಿಸುವತನಕ ಬರೆಯಹೊರಟ ಬೇರೆಯವರೂ ಕಾಯಬೇಕಾಗುತ್ತದೆ. ಆ ಮಿತಿ ಇಳಿಸಿದರೆ ಸಾಕಾಯಿತು. ಇನ್ನೊಬ್ಬಳದ್ದು ನಾನು ಮೊದಲು ಊಹಿಸಿದ್ದ ಥ್ರ್ಯಾಶಿಂಗೇ, ಅವಳಿಗೆ ರ‍್ಯಾಮ್ ಹಾಕಿದ್ದೇ ಮದ್ದಾಯಿತು. ಮೌಸಿನ ಬಾಣವೂ ನಿಂತು ಪಿಂಗ್‌ಗೆ ಉತ್ತರ ಬರುತ್ತಿದ್ದರೆ ಗ್ರಾಫಿಕ್ಸ್ ಕಡೆ ನೋಡಿ. ಏನನ್ನಾದರೂ ಕೊಳ್ಳುವ ಮೊದಲು ನೋಟ್‌ಬುಕ್ಕಿನ ಒಂದು ಪುಟ ತುಂಬಿಸಿ, ಅದಕ್ಕೂ ಮೊದಲು ಮನೆಯವರ ಫೋಟೊ ಹಾಡುಗಳನ್ನು ಇನ್ನೊಂದು ಡಿಸ್ಕಿಗೆ ಹಾಕಿ. ಊರಲ್ಲಿರುವವರಿಗೆ ಅಟ್ಟದ ಮೇಲೆ ಹಳೆಯ ಪೆಟ್ಟಿಗೆಯಾದರೂ ಇರುತ್ತದೆ. ಹೊರಗಿರುವ ನಮ್ಮಂಥವರ ಬಳಿ ಊರು ಇರುವುದೇ ಇಂಥ ಡಿಸ್ಕುಗಳಲ್ಲಿ.

ಹಳೆಯ ಡಿಸ್ಕ್ ಮೇಜಿನ ಡ್ರಾಯರಿನಲ್ಲಿದೆ. ಗಂಗೆಗೆ ಬಿಡುವುದಿಲ್ಲವೇ ಎಂದು ಮಾಸಿಮಾ ತಮಾಷೆ ಮಾಡಿದರು. ಈಗ ಹಾಡುಗಳ ಮೂರು ನಕಲಿವೆ, ಒಂದು ರಾಣೆಬೆನ್ನೂರಿನಲ್ಲಿ ಅವ್ವನ ಗೋದ್ರೇಜ್ ಕಪಾಟಿನಲ್ಲಿ.

ಎರಡನೇ ಫೈಲು ಒಂದು ಸೋಬಾನೆ. ಅದು ತೆರೆಯುತ್ತದೆ, ಕೊನೆಯತನಕ ಓಡುತ್ತದೆ. ಒಂದು ಸೆಕ್ಟರೆಂದರೆ ಆ ರೆಕಾರ್ಡಿಂಗಿನಲ್ಲಿ ಕಾಲು ಸೆಕೆಂಡು. ಹೆಣ್ಣನ್ನು ಗಂಡನ ಮನೆಗೆ ಕಳಿಸುವ ಕಡೆ, ಆರನೇ ನಿಮಿಷದಲ್ಲಿ, ಒಂದು ಶಬ್ದದ ಮೊದಲ ಅಕ್ಷರ ಹೋಗಿದೆ. ‘ಲ್ಲಿಗೆ’ ಎಂದು ಮಾತ್ರ ಕೇಳುತ್ತದೆ. ಅವ್ವನಿಗೆ ಫೋನಿನಲ್ಲಿ ಕೇಳಿಸಿದೆ. ‘ಮಲ್ಲಿಗಿ ಅಲ್ಲೇನೋ, ಮಲ್ಲಿಗಿ ದಂಡಿ ಕಟ್ಟಿ ಕಳಸತಾರ’ ಅಂದಳು. ಪಕ್ಕದಲ್ಲಿದ್ದ ದೊಡ್ಡವ್ವ ಫೋನ್ ಕಸಿದುಕೊಂಡಳು. ‘ಆಕಿ ಮಾತು ಕೇಳಬ್ಯಾಡ. ಎಲ್ಲಿಗೆ ಅಂತೈತಿ ಅದು. ಎಲ್ಲಿಗೆ ಕಳಸಾಕತ್ತೀರಿ ಅಂತ ಮಗಳು ಕೇಳತಾಳ. ನಮ್ಮವ್ವ ನನ್ನ ಲಗ್ನದಾಗ ಹಾಡಿದ್ದು, ನನಗ ಗೊತ್ತಿಲ್ಲೇನು?’

ಇಬ್ಬರೂ ಹಾಡಿ ತೋರಿಸಿದರು. ಎರಡನ್ನೂ ರೆಕಾರ್ಡ್ ಮಾಡಿ ಅದೇ ಫೋಲ್ಡರಿನಲ್ಲಿ ಇಟ್ಟಿದ್ದೇನೆ.